ನಿನ್ನ ಮೈ ಸೋತಿಲ್ಲ ಮಗಳೇ

ಪ್ರೀತಿಯ ಸುಮಾ,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ಪತ್ರ ಸೋಮವಾರ ಬಂತು. ಕೊನೆಗೆ ಬರೆದ ಒಂದು ಸಾಲು ಎರಡು ರಾತ್ರಿ ನಿದ್ದೆ ಕೊಡಲಿಲ್ಲ. ‘ಎದೆಯಲ್ಲಿ ಬೂಷ್ಟು ಬೆಳೆದಿದೆಯಂತೆ. ನನ್ನ ಮೈಯಲ್ಲಿ ಶಕ್ತಿಯೇ ಉಳಿದಿಲ್ವಾ ದೊಡ್ಡಮ್ಮ?’

ಉಳಿದಿದೆ. ಜಾಸ್ತಿಯೇ ಇದೆ. ತೊಂದರೆ ಇರುವುದೇ ಅಲ್ಲಿ.

ನಿನ್ನ ಎದೆಯಲ್ಲಿರುವುದು ಆಸ್ಪರ್ಜಿಲಸ್ ಅನ್ನುವ ಬೂಷ್ಟು. ಅದರ ಕಣ ದಿನಾ ನೂರಾರು ಎಲ್ಲರ ಎದೆಗೂ ಹೋಗುತ್ತವೆ. ಒಂದೊಂದೂ 2-3 ಮೈಕ್ರಾನ್ ಅಷ್ಟೇ. ಗಾಳಿಗೂಡಿನಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಅನ್ನುವ ಕೋಶಗಳು ಅವನ್ನು ನುಂಗಿಬಿಡುತ್ತವೆ. ಕಣದ ಮೈಮೇಲೆ ಒಂದು ಪೊರೆ ಇರುತ್ತದೆ, ಅದು ಇರುವ ತನಕ ಗುರುತು ಸಿಗುವುದು ಕಷ್ಟ. ಮೊಳೆಯಲು ಉಬ್ಬಿತೋ, ಪೊರೆ ಹರಿದು ಒಳಗಿನ ಬೀಟಾ-ಗ್ಲೂಕನ್ ಅನ್ನುವ ಸಕ್ಕರೆಯ ಸರಪಳಿ ಹೊರಗೆ ಕಾಣುತ್ತದೆ. ಕಾವಲಿನ ಕೋಶಗಳಿಗೆ ಅಷ್ಟು ಸಾಕು. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಓಡಿಬರುತ್ತವೆ. ನುಂಗಲಾರದಷ್ಟು ಉದ್ದದ ಎಳೆಯಾಗಿದ್ದರೆ ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಬೀಸುತ್ತವೆ. ಪ್ರಾಣ ಕೊಟ್ಟು ಕಾಯುವವು ಅವು.

ನಿನ್ನಲ್ಲಿ ಆ ಕಾವಲು ಸೋತಿಲ್ಲ. ಉಬ್ಬಸದ ಅಂಟು ಕಫದಲ್ಲಿ ಕಣ ಸಿಕ್ಕಿಕೊಂಡು ಮೊಳೆತಿದೆ. ಡಾಕ್ಟರು ಬರೆದ ಎಬಿಪಿಎ ಅಂದರೆ ಅದೇ, ಈ ಬೂಷ್ಟಿಗೆ ಶ್ವಾಸಕೋಶದಲ್ಲಿ ಆಗುವ ಅಲರ್ಜಿ. ಬೂಷ್ಟು ಶ್ವಾಸಕೋಶದ ಮಾಂಸ ಕೊರೆಯುತ್ತಿಲ್ಲ. ನಿನ್ನ ಮೈಯೇ ಅದರ ಮೇಲೆ ವಿಪರೀತ ರೇಗಿದೆ. ಐಜಿಇ, ಅಂದರೆ ರಕ್ತದಲ್ಲಿರುವ ಅಲರ್ಜಿಯ ಪ್ರತಿಕಾಯ, ಏರಿರುವುದು ಅದಕ್ಕೇ. ಅಲರ್ಜಿಯಲ್ಲಿ ಹೆಚ್ಚುವ ಇನ್ನೊಂದು ಬಿಳಿ ರಕ್ತಕಣ ಇಯೊಸಿನೋಫಿಲ್. ಲೀಶ್ಮನ್ ಬಣ್ಣ ಹಾಕಿದ ಸ್ಲೈಡಿನಲ್ಲಿ ಅದು ಕಿತ್ತಳೆ ಕಾಳು ತುಂಬಿದ ಚೀಲದ ಹಾಗೆ ಕಾಣುತ್ತದೆ. ಎಷ್ಟು ಚೆಂದ ಅಂತೀಯಾ! ಆ ಕಾಳುಗಳು ಒಡೆದು ಚೆಲ್ಲಿದರೆ ಉಸಿರಿನ ಕೊಳವೆಯೇ ಹುಣ್ಣಾಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಕೊಳವೆ ಅಗಲವಾಗಿ ಹಾಗೇ ಉಳಿಯುತ್ತದೆ. ಬಿಡಬಾರದು ಅನ್ನುವುದು ಅದಕ್ಕೆ.

2021ರಲ್ಲಿ ಕಪ್ಪು ಫಂಗಸ್ ಸುದ್ದಿ ಕೇಳಿ ನಾವೆಲ್ಲ ನಡುಗಿದ್ದೆವಲ್ಲ, ನಿನ್ನ ಹೆದರಿಕೆ ಅಲ್ಲಿಂದಲೇ ಬಂದಿರಬೇಕು. ಅದು ಮ್ಯೂಕರ್ ಜಾತಿ, ಬೇರೆ. ಸಕ್ಕರೆ ಏರಿ, ಸ್ಟೀರಾಯ್ಡ್ ಹೆಚ್ಚಾಗಿ, ಕಾವಲು ಕುಗ್ಗಿದವರಲ್ಲಿ ಹೊಕ್ಕಿತು. ನಿನಗೆ ಸ್ಟೀರಾಯ್ಡ್ ಕೊಟ್ಟಿರುವುದು ರೇಗಿದ ಕಾವಲನ್ನು ತಣಿಸಲು. ಹೆದರಿ ನೀನಾಗೇ ನಿಲ್ಲಿಸಬೇಡ. ಡಾಕ್ಟರು ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು. ನಾನು ಡಾಕ್ಟರಲ್ಲ, ಲ್ಯಾಬಿನಲ್ಲಿ ಕೂತವಳು. ಆದರೂ ಇಷ್ಟು ಹೇಳದೆ ಇರಲಾರೆ.

ದೊಡ್ಡಪ್ಪನ ಕೊನೆ ನಿನಗೆ ಗೊತ್ತಿದೆ. ಗೊತ್ತಿಲ್ಲದ್ದು ಒಂದಿದೆ. ಅವರ ಕರವಸ್ತ್ರದಲ್ಲಿ ರಕ್ತದ ಕಲೆ ಮೊದಲು ಕಂಡಿದ್ದು ನನಗೇ, ಬಟ್ಟೆ ಒಗೆಯುವಾಗ. ಹಳೆಯ ಕ್ಷಯ ಮರುಕಳಿಸಿತು ಅಂದುಕೊಂಡೆ. ಅವರ ಕಫದ ಸ್ಲೈಡ್ ನಾನೇ ನೋಡಿದೆ. ನೀಲಿಯ ನಡುವೆ ಕ್ಷಯದ ಕೆಂಪು ಕಡ್ಡಿಗಳನ್ನಷ್ಟೇ ಹುಡುಕಿದೆ. ಒಂದೂ ಇರಲಿಲ್ಲ. ಸಮಾಧಾನವಾಗಿ ಮನೆಗೆ ಬಂದೆ. ಕ್ಷಯ ಬಿಟ್ಟುಹೋದ ಪೊಳ್ಳಿನಲ್ಲಿ ಬೂಷ್ಟಿನ ಉಂಡೆ ಕೂತಿತ್ತು. ಅಲ್ಲಿಗೆ ಕಾವಲು ಸರಿಯಾಗಿ ತಲುಪುವುದಿಲ್ಲ. ಊರವರ ಸ್ಲೈಡುಗಳಲ್ಲಿ ಎಷ್ಟೋ ಸಲ ಆ ಕವಲೊಡೆದ ಎಳೆಗಳನ್ನು ಗುರುತಿಸಿದವಳು ನಾನು. ಮನೆಯಲ್ಲಿ ಆ ಯೋಚನೆಯೇ ಬರಲಿಲ್ಲ.

ಅದಕ್ಕೇ ನಿನ್ನ ಸಾಲು ಓದಿ ಹೀಗಾಯಿತು. ನಿನ್ನದು ಅದಲ್ಲ, ನನಗೂ ಗೊತ್ತು. ಹೊತ್ತಿಗೆ ಸರಿಯಾಗಿ ಪತ್ತೆಯಾಗಿದೆ.

ರಜಕ್ಕೆ ಬಂದರೆ ಹುಲ್ಲಿನ ಬಣವೆ, ಗೊಬ್ಬರದ ಗುಂಡಿ ಕಡೆ ಹೋಗಬೇಡ. ಬೂಷ್ಟು ಅಡಗಿಸುವ ಮಾತ್ರೆಯೂ ಕೊಟ್ಟಿದ್ದಾರಲ್ಲ, ಬೇರೆ ಯಾವ ಔಷಧಿ ತಗೊಂಡರೂ ಡಾಕ್ಟರಿಗೆ ಹೇಳು. ಸಕ್ಕರೆಯನ್ನೂ ನೋಡಿಸು.

ಮತ್ತೆ ಐಜಿಇ ಮಾಡಿಸಿದಾಗ ನಂಬರು ಬರೆದು ಕಳಿಸು. ಕೆಮ್ಮಿದಾಗ ಕಂದು ಬಣ್ಣದ ಗಟ್ಟಿ ಕಫ ಇನ್ನೂ ಬರುತ್ತಿದೆಯಾ? ಅದನ್ನು ಮುಚ್ಚಿಡದೆ ಬರಿ.

ನಿನ್ನ
ದೊಡ್ಡಮ್ಮ