ಲೂಪಸ್ ಇರುವವರ ಮೂತ್ರ ಪರೀಕ್ಷೆಯ ಬಗ್ಗೆ ಸೂಚನೆ
ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆಯಾದ ಲೂಪಸ್ ಮೂತ್ರಪಿಂಡಕ್ಕೆ ತಗುಲಿದಾಗ ಮೊದಮೊದಲು ನೋವಾಗಲಿ ಉರಿಯಾಗಲಿ ಕಾಣಿಸದಿರಬಹುದು, ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) ಕೂಡ ಸರಿಯಾಗಿಯೇ ಇರಬಹುದು. ಆದ್ದರಿಂದ ಆರಾಮಾಗಿದ್ದೇವೆಂದು ಮೂತ್ರ ಪರೀಕ್ಷೆಯನ್ನು ಮುಂದೂಡಬಾರದು. ನಮ್ಮ ರಾಯಚೂರಿನ ಬಿಸಿಲಿಗೆ ಮೂತ್ರ ಗಾಢವಾಗುವುದರಿಂದ, ಪಟ್ಟಿ ಅದ್ದಿ ಪ್ರೋಟೀನ್ ನೋಡುವ ಪರೀಕ್ಷೆಯ ಫಲಿತಾಂಶ ದಾರಿ ತಪ್ಪಿಸುವುದುಂಟು. ಮೂತ್ರದಲ್ಲಿನ ಪ್ರೋಟೀನನ್ನು ಅದರಲ್ಲೇ ಇರುವ ಕ್ರಿಯಾಟಿನಿನ್ ಜೊತೆ ಹೋಲಿಸುವ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತಕ್ಕೆ ಆ ತೊಡಕು ಕಡಿಮೆ. ಈ ಅನುಪಾತ 0.5 (ಗ್ರಾಂ/ಗ್ರಾಂ) ದಾಟಿ ಹಾಗೆಯೇ ಉಳಿದರೆ ವೈದ್ಯರು ಬಯಾಪ್ಸಿಗೆ (ಮೂತ್ರಪಿಂಡದ ಚಿಕ್ಕ ತುಣುಕು ತೆಗೆದು ಮಾಡುವ ಪರೀಕ್ಷೆಗೆ) ಸೂಚಿಸಬಹುದು. ಬೆಳಗಿನ ಮೊದಲ ಮೂತ್ರವನ್ನು ಸಾಧ್ಯವಾದಷ್ಟೂ 2 ಗಂಟೆಯೊಳಗೆ ಲ್ಯಾಬ್‌ಗೆ ಮುಟ್ಟಿಸಿ. ಬೈಕಿನ ಡಿಕ್ಕಿಯಲ್ಲಿಟ್ಟು ಊರೆಲ್ಲ ಸುತ್ತಿಸಿದ ಡಬ್ಬಿಯಿಂದ ಪ್ರಯೋಜನವಿಲ್ಲ. ಮುಟ್ಟಿನ ದಿನಗಳಲ್ಲಿ ಮಾದರಿ ಕೊಡುವುದು ಬೇಡ.

ಗುಂಪಿನಲ್ಲಿ ಕೆಲವರು ಹೊಸ ಜೈವಿಕ ಸೂಚಕಗಳ (ರೋಗದ ಸುಳಿವು ಕೊಡುವ ವಸ್ತುಗಳ) ಬಗ್ಗೆ ಕೇಳಿದ್ದೀರಿ. ಎಂಸಿಪಿ-1, ಸಿಡಿ163, ಎನ್‌ಜಿಎಎಲ್ ಮುಂತಾದ ಪ್ರೋಟೀನುಗಳು ಮೂತ್ರಪಿಂಡದಲ್ಲಿ ಉರಿಯೂತವೋ ಹಾನಿಯೋ ಆದಾಗ ಮೂತ್ರದಲ್ಲಿ ಹೆಚ್ಚಾಗುತ್ತವೆ. ಸಿಡಿ163 ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳಿಂದ ಬರುವುದರಿಂದ, ಮೂತ್ರಪಿಂಡದ ಹಳೆಯ ಗಾಯದ ಕಲೆಯಿಂದ ಸೋರುವ ಪ್ರೋಟೀನನ್ನು ಈಗ ನಡೆಯುತ್ತಿರುವ ಉರಿಯೂತದಿಂದ ಬೇರ್ಪಡಿಸಲು ನೆರವಾದೀತೆಂಬ ನಿರೀಕ್ಷೆಯಿದೆ. ಆದರೂ ಇವು ಬಯಾಪ್ಸಿಯ ಸ್ಥಾನವನ್ನು ಇನ್ನೂ ತುಂಬಿಲ್ಲವಾದ್ದರಿಂದ, ವೈದ್ಯರು ಹೇಳದೆ ಹಣ ತೆತ್ತು ಮಾಡಿಸಬೇಡಿ. ಮುಂದಿನ ಭೇಟಿಗೆ ಹಳೆಯ ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಂಡು ಹೋಗಿ. ಹೆಸರಿರುವ ವರದಿಯ ಫೋಟೊಗಳನ್ನು ಇಲ್ಲಿ ಹಾಕಬಾರದು.