ವಕಾಲತ್ತು ಬಿಡುವ ಮೊದಲು

ನ್ಯಾಯಾಧೀಶೆಯಾಗಿ ನೇಮಕಾತಿ ಆದೇಶ ಕೈಗೆ ಬಂದಿದೆ. ಮುಂದಿನ ವಾರ ಬೆಂಗಳೂರಿನ ನ್ಯಾಯಾಂಗ ಅಕಾಡೆಮಿಯಲ್ಲಿ ತರಬೇತಿ ಶುರು. ಅಷ್ಟರೊಳಗೆ ಹೆಸರಿನಲ್ಲಿದ್ದ ವಕಾಲತ್ತುಗಳನ್ನೆಲ್ಲ ಬಿಟ್ಟುಕೊಡಬೇಕಿತ್ತು, ವಕೀಲಿಕೆಯ ಸನದು ಅಮಾನತಿನಲ್ಲಿಡಲು ವಕೀಲರ ಪರಿಷತ್ತಿಗೆ ಅರ್ಜಿ ಹಾಕಬೇಕಿತ್ತು, ಕಾಲೇಜು, ಕೋರ್ಟಿನ ನಿಮಗೆಲ್ಲ ಈ ಕೃತಜ್ಞತೆಯ ಮಾತು ಬರೆಯಬೇಕಿತ್ತು. ಮೊದಲಿನವೆರಡು ಆದವು. ಇದಕ್ಕೆ ಮಾತ್ರ ದಿನಾ ಮುದ್ದತ್ ಕೇಳುತ್ತ ಬಂದೆ.

ಅವಸರಕ್ಕೆ ಕಾರಣವಿದೆ. ಕೊನೆಯ ವರ್ಷ ವೃತ್ತಿ ನೀತಿ ಪಾಠ ಮಾಡಿದ ಮೇಡಂ, 1997ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೆಲ್ಲ ಸೇರಿ ಒಪ್ಪಿಕೊಂಡ ಹದಿನಾರು ನಡವಳಿಕೆಯ ಸೂತ್ರಗಳನ್ನು ನಮ್ಮಿಂದ ಒಂದೊಂದಾಗಿ ಹೇಳಿಸಿದ್ದರು. ವಕೀಲರ ಜೊತೆ, ಅದರಲ್ಲೂ ತಮ್ಮ ಕೋರ್ಟಿನಲ್ಲೇ ನಿಂತು ವಾದಿಸುವವರ ಜೊತೆ, ನಿಕಟ ಒಡನಾಟ ಇಟ್ಟುಕೊಳ್ಳಬಾರದು ಎಂಬುದು ಅದರಲ್ಲೊಂದು. ಮೇಲಿನ ಕೋರ್ಟಿನವರಿಗೆಂದು ಬರೆದದ್ದಾದರೂ ತಾಲ್ಲೂಕು ಕೋರ್ಟಿನಲ್ಲಿ ಕೂರುವವರೂ ಅದೇ ದಾರಿಯಲ್ಲಿ ನಡೆಯಬೇಕು. ಪರೀಕ್ಷೆಗೆ ಬಂದರೂ ಬಂದೀತು ಎಂದು ಬಾಯಿಪಾಠ ಮಾಡಿದ್ದೆ. ಅಲ್ಲಿ ಹೇಳಿದ ವಕೀಲರು ಯಾರು ಎಂದು ಆಗ ಯೋಚಿಸಿರಲಿಲ್ಲ. ಫೈಲಿಗೆ ದಾರ ಕಟ್ಟುವುದನ್ನು ಕಲಿಸಿದ ಅಣ್ಣಂದಿರು, ಮಧ್ಯಾಹ್ನ ಬುತ್ತಿ ಬಿಚ್ಚಿ ಜೊತೆಗೆ ಕೂತವರು, ಒಂದೇ ಬೆಂಚಿನಲ್ಲಿ ಮೂರು ವರ್ಷ ಕಳೆದವರು, ಎಲ್ಲರೂ ಅವರೇ. ನಾಳೆಯಿಂದ ನಿಮ್ಮ ಬಗ್ಗೆ ನಾಲ್ಕು ಜನರೆದುರು ಒಳ್ಳೆಯ ಮಾತಾಡುವಾಗಲೂ ನಾನು ಹಿಂದೆಮುಂದೆ ನೋಡಬೇಕಾಗುತ್ತದೆ. ಅದಕ್ಕೇ ಇವತ್ತು, ನಾನಿನ್ನೂ ನಿಮ್ಮವಳಾಗಿರುವಾಗಲೇ, ಹೇಳಿ ಮುಗಿಸುತ್ತೇನೆ.

ಮೊದಲು ಕಾಲೇಜಿನ ಮಾತು. ತಿಲಕವಾಡಿಯ ನಮ್ಮ ರಾಜಾ ಲಖಮಗೌಡ ಕಾನೂನು ಕಾಲೇಜನ್ನು ಕರ್ನಾಟಕ ಲಾ ಸೊಸೈಟಿ ಶುರು ಮಾಡಿದ್ದು 1939ರಲ್ಲಿ, ಬೆಳಗಾವಿ ಇನ್ನೂ ಮುಂಬೈ ಪ್ರಾಂತದಲ್ಲಿದ್ದಾಗ. ಸಮಾರಂಭ ಯಾವುದೇ ಇರಲಿ, ವೇದಿಕೆಯಿಂದ ಎರಡು ಹೆಸರು ಕೇಳಿಯೇ ಕೇಳುತ್ತವೆ. ಒಂದು, 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ ಅವರದು. ಇನ್ನೊಂದು, 2017ರಿಂದ ಐದು ವರ್ಷ ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್ ಅವರದು. ಇಬ್ಬರೂ ನಮ್ಮ ಕಾಲೇಜಿನವರೇ. ಹೆಮ್ಮೆ ಇಲ್ಲವೆಂದಲ್ಲ. ಆದರೆ ಹಳ್ಳಿಯಿಂದ ಬಸ್ಸಿಳಿದು, ಕನ್ನಡ ಮಾಧ್ಯಮದಲ್ಲೇ ಡಿಗ್ರಿವರೆಗೆ ಓದಿ ಬಂದ ಹುಡುಗಿಗೆ ಆ ಹೆಸರುಗಳು ತೀರಾ ಎತ್ತರದಲ್ಲಿದ್ದವು. ಮೊದಲ ವರ್ಷ ನನಗೆ ಕೈಗೆಟುಕಿದ್ದು ಗ್ರಂಥಾಲಯದ ಮಾಮಾ. ತಾನಾಗಿಯೇ ಕರೆದು, ಇಂಗ್ಲಿಷ್ ಕಾನೂನು ನಿಘಂಟು ಮುಂದಿಟ್ಟು, "ಇದರ ಮಗ್ಗಲದಾಗ ಕನ್ನಡದ್ದೂ ಇಟ್ಕೋರಿ, ಯಾರೂ ನಗಂಗಿಲ್ಲ" ಎಂದವರು. ಯಾರೂ ನಗಲಿಲ್ಲ, ನಿಜ. ಅಣಕು ನ್ಯಾಯಾಲಯದಲ್ಲಿ ನಾನು "ಮೈ ಲಾರ್ಡ್" ಎಂದು ನಿಂತು ಮುಂದಿನ ಮಾತು ಬಾರದೆ ಒದ್ದಾಡಿದಾಗ ಸ್ವಲ್ಪ ನಕ್ಕರು, ಅದು ಬೇರೆ.

ಸಿವಿಲ್ ಪ್ರಕ್ರಿಯಾ ಸಂಹಿತೆ ಕಲಿಸಿದ ಸರ್, ನಿವೃತ್ತಿಯಾದ ಮೇಲೂ ಭಾನುವಾರ ಮನೆಗೆ ಕರೆಸಿಕೊಂಡು ಹದಿನಾಲ್ಕನೇ ಆದೇಶದಂತೆ ವಿವಾದಾಂಶ ರೂಪಿಸುವುದನ್ನು ಬರೆಸಿ ಬರೆಸಿ ತಿದ್ದಿದವರು, ನಾನು ಜೂನಿಯರ್ ಆಗಿ ಸೇರಿದ ಹಿರಿಯ ವಕೀಲರು, ಓದಲೆಂದು ರಜೆ ಕೇಳಿದಾಗ ಒಮ್ಮೆಯೂ ಮುಖ ಸಣ್ಣದು ಮಾಡದವರು, ಅವರ ಕಾರಕೂನ ಕಾಕಾ, ಸಾಕ್ಷಿಯ ಹೇಳಿಕೆಗಳ ನಕಲು ಅಭ್ಯಾಸಕ್ಕೆಂದು ತಂದುಕೊಟ್ಟ ಬ್ಯಾಚಿನ ಗೆಳೆಯರು, ನಿಮಗೆಲ್ಲ ನಮಸ್ಕಾರ. ಒಂದೇ ಸಾಲಿನಲ್ಲಿ ಮುಗಿಸಿದಳಲ್ಲ ಎನ್ನಬೇಡಿ. ಒಬ್ಬೊಬ್ಬರ ಮನೆಗೂ ಕುಂದಾ ಹಿಡಿದುಕೊಂಡು ಬಂದಿದ್ದೇನೆ, ಅಲ್ಲಿ ಕೂತು ಮಾತಾಡಿದ್ದು ಸಾಕು.

ಅಪರಾಧ ಕಾನೂನಿನ ಸರ್ ಬಗ್ಗೆ ಮಾತ್ರ ಇನ್ನೆರಡು ಮಾತು ಬೇಕು. 2024ರ ಜುಲೈ 1ಕ್ಕೆ ಅಪರಾಧ ಕಾನೂನಿನ ಮೂರೂ ಹಳೆಯ ಕಾಯ್ದೆಗಳು ಹೋಗಿ ಹೊಸವು ಜಾರಿಗೆ ಬಂದವು. ದಂಡ ಸಂಹಿತೆಯ 511 ಕಲಮುಗಳ ಜಾಗಕ್ಕೆ ನ್ಯಾಯ ಸಂಹಿತೆಯ 358 ಬಂದವು. ಕೊಲೆಯ 302 ಈಗ 103. ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಹೆಂಡತಿ ಮಕ್ಕಳ ಜೀವನಾಂಶದ 125, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144. ನಮ್ಮೂರ ಪಂಚರಿಗೂ ಗೊತ್ತಿದ್ದ 420ರ ಹೊಸ ಮನೆ ನ್ಯಾಯ ಸಂಹಿತೆಯ 318ರ ನಾಲ್ಕನೇ ಉಪಕಲಮು. ವರ್ಷಗಟ್ಟಲೆ ತಲೆಯಲ್ಲಿ ಕೂತ ಸಂಖ್ಯೆಗಳೆಲ್ಲ ಜಾಗ ಬದಲಿಸಿದವು. ಹಳೆಯ ಕೇಸುಗಳು ಹಳೆಯ ದಂಡ ಸಂಹಿತೆಯಲ್ಲೇ ನಡೆಯುವುದರಿಂದ ಎರಡನ್ನೂ ಬಿಡುವಂತಿರಲಿಲ್ಲ. ಸರ್ ಸ್ವತಃ ಕೂತು, ಹಳೆಯದು ಎಡಕ್ಕೆ, ಹೊಸದು ಬಲಕ್ಕೆ, ನಡುವೆ ಏನು ಬದಲಾಯಿತೆಂದು ಕನ್ನಡದಲ್ಲಿ ಒಂದು ಸಾಲು, ಹೀಗೆ ಕೈಬರಹದಲ್ಲೇ ಪಟ್ಟಿ ಮಾಡಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿದರು. ಆ ಹಾಳೆಗಳು ಈಗ ಕೋರ್ಟಿನ ಹೊರಗಿನ ಝೆರಾಕ್ಸ್ ಅಂಗಡಿಯಲ್ಲಿ ಮಾರಾಟಕ್ಕಿವೆ. ಸರ್‌ಗೆ ಗೊತ್ತು. ಬೆಲೆ ಜಾಸ್ತಿ ಹಚ್ಚಬ್ಯಾಡ ಎಂದಷ್ಟೇ ಹೇಳಿ ಬಂದಿದ್ದಾರಂತೆ.

ಇನ್ನು ಅವಳು.

ಹೆಸರು ಹಾಕಿದರೆ ಫೋನ್ ಎತ್ತುವುದಿಲ್ಲ ಎಂದು ಹೆದರಿಸಿದ್ದಾಳೆ. ಬೇಡ ಬಿಡಿ, ನಮ್ಮ ಬ್ಯಾಚಿನವರಿಗೆ ಯಾರೆಂದು ಹೇಳಬೇಕಾಗಿಲ್ಲ. ನ್ಯಾಯಾಧೀಶರ ಹುದ್ದೆಯ ಮುಖ್ಯ ಪರೀಕ್ಷೆಗೆ, ಅಂದರೆ ಮೇನ್ಸ್‌ಗೆ, ಇನ್ನು ಕೆಲವೇ ದಿನ ಎನ್ನುವಾಗ ಅಪ್ಪನಿಗೆ ಏನಾಯಿತು ಎಂಬುದೂ ನಿಮಗೆ ಗೊತ್ತಿರುವುದೇ. ಅದನ್ನಿಲ್ಲಿ ಮತ್ತೆ ಬರೆಯುವುದಿಲ್ಲ. ಆ ರಾತ್ರಿಯ ಅರ್ಧ ಮಾತ್ರ ಹೇಳುತ್ತೇನೆ.

ಅಣ್ಣ ಪುಣೆಯಿಂದ ಹೊರಟಿದ್ದ, ಮುಟ್ಟಲು ಬೆಳಗಾಗಬೇಕಿತ್ತು. ಅವ್ವ ಐಸಿಯು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಿದ್ದಳು. ನಾನು ಕೌಂಟರಿನ ಮುಂದೆ ನಿಂತು, ಕಟ್ಟಬೇಕಾದ ಮುಂಗಡದ ಮೊತ್ತವನ್ನು ಮೂರನೇ ಸಲ ಕೇಳುತ್ತಿದ್ದೆ. ಕಿವಿಗೆ ಬಿದ್ದದ್ದು ತಲೆಗೆ ಹೋಗುತ್ತಿರಲಿಲ್ಲ. ಅವಳಿಗೆ ನಾನು ಫೋನ್ ಮಾಡಿರಲಿಲ್ಲ. ಯಾರೋ ಗುಂಪಿನಲ್ಲಿ ಹಾಕಿದ್ದನ್ನು ನೋಡಿ, ಎರಡನೇ ರೈಲ್ವೆ ಗೇಟಿನ ಹತ್ತಿರದ ಮನೆಯಿಂದ ಸ್ಕೂಟಿ ಹತ್ತಿ ಬಂದಿದ್ದಳು. ಬಂದವಳು ನನ್ನನ್ನು ತಬ್ಬಿಕೊಳ್ಳಲಿಲ್ಲ, ಸಮಾಧಾನ ಹೇಳಲಿಲ್ಲ. ಕೌಂಟರಿನವನಿಗೆ, "ಅಣ್ಣಾರ, ಪೇಷಂಟ್‌ಗೆ ಚಿಕಿತ್ಸೆ ಮೊದಲು ಚಾಲೂ ಮಾಡ್ರಿ, ರೊಕ್ಕದ್ದು ನನ್ನ ಕೂಡ ಮಾತಾಡ್ರಿ" ಎಂದಳು. ಕೋರ್ಟಿನಲ್ಲಿ ಅವಳ ಪಾಟೀ ಸವಾಲು ಕೇಳಿದವರಿಗೆ ಆ ದನಿ ಗೊತ್ತು. ಏರುವುದಿಲ್ಲ, ಬಿಡುವುದೂ ಇಲ್ಲ.

ರಕ್ತ ಬೇಕೆಂದಾಗ ಅವಳು ಮಾಡಿದ್ದು ಒಂದೇ ಮೆಸೇಜು. ಕಾಲೇಜಿನ ಈಗಿನ ವಿದ್ಯಾರ್ಥಿಗಳು, ನನ್ನ ಮುಖವನ್ನೇ ನೋಡಿರದ ಹುಡುಗರು, ಬಾಡಿಗೆ ರೂಮುಗಳಿಂದ ಎದ್ದು ಬೈಕುಗಳ ಮೇಲೆ ಬಂದರು. ತಮ್ಮಂದಿರಾ, ನಿಮ್ಮ ಹೆಸರು ಕೇಳಿಕೊಳ್ಳುವಷ್ಟು ಎಚ್ಚರವೂ ಅವತ್ತು ನನಗಿರಲಿಲ್ಲ. ಆಮೇಲೆ ಅವಳಿಂದ ಪಟ್ಟಿ ಇಸಿದುಕೊಂಡೆ. ಅದು ನನ್ನ ಹತ್ತಿರ ಇದೆ.

ಎರಡು ಗಂಟೆಯ ನಂತರ ಮಾಡಲು ಏನೂ ಉಳಿಯಲಿಲ್ಲ. ಆಸ್ಪತ್ರೆಯ ರಾತ್ರಿ ಕೆಟ್ಟದಾಗುವುದು ಓಡಾಟ ನಿಂತ ಮೇಲೆ. ಆಗ ಅವಳು ಬ್ಯಾಗಿನಿಂದ ಮೇನ್ಸ್‌ನ ಹಳೆಯ ಅನುವಾದ ಪ್ರಶ್ನೆಪತ್ರಿಕೆಗಳ ಕಟ್ಟು ತೆಗೆದು ನನ್ನ ತೊಡೆಯ ಮೇಲಿಟ್ಟಳು. ಕನ್ನಡದ ಸಾಕ್ಷ್ಯ ಇಂಗ್ಲಿಷಿಗೆ, ಇಂಗ್ಲಿಷಿನ ತೀರ್ಪು ಕನ್ನಡಕ್ಕೆ. ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪ ಒಳಗೆ ಹಾಗೆ ಮಲಗಿರುವಾಗ ಇದೇನು ಹುಚ್ಚು, ಮನುಷ್ಯಳೇನು ನೀನು, ಎಂದೆಲ್ಲ ಕೂಗಾಡಿದೆ. ನರ್ಸ್ ಬಂದು ಬೈದು ಹೋದರು. ಇವಳು ಮಿಸುಕಲಿಲ್ಲ. "ಬೈಯೂದಾದ್ರ ಇಂಗ್ಲಿಷ್‌ನ್ಯಾಗ ಬೈ. ಪ್ರಾಕ್ಟೀಸ್ ಆಗತೈತಿ" ಎಂದಳು.

ನಗು ಬಂತು. ಅಂಥ ಹೊತ್ತಿನಲ್ಲಿ. ನಗುತ್ತಲೇ ಅಳು ಒಡೆಯಿತು, ಅತ್ತಿದ್ದು ಎಷ್ಟು ಹೊತ್ತೋ ಗೊತ್ತಿಲ್ಲ. ಅವಳು ನೀರಿನ ಬಾಟಲಿ ಹಿಡಿದು ಸುಮ್ಮನೆ ಕೂತಿದ್ದಳು. ಆಮೇಲೆ ಇಬ್ಬರೂ ಬರೆದೆವು. ಹೊಲದ ಬದುವಿನ ಜಗಳದ ಸಾಕ್ಷಿ ಹೇಳಿದ್ದನ್ನು ನಾನು ಬರೆದರೆ ಅವಳು ತಿದ್ದಿದಳು, ಅವಳದನ್ನು ನಾನು ತಿದ್ದಿದೆ. ಅಣ್ಣ ಬಂದು ನೋಡಿದಾಗ ಅವ್ವ ಅವಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳಂತೆ. ನಾನು ಹಾಳೆಯ ಮೇಲೆ ತಲೆಯಿಟ್ಟು ಮಲಗಿದ್ದೆನಂತೆ. ಅವಳೊಬ್ಬಳು ಎಚ್ಚರ.

ಒಂದು ಮಾತು ಮರೆಯಬೇಡಿ. ಆ ಪರೀಕ್ಷೆಗೆ ಅವಳೂ ಕೂರುವವಳಿದ್ದಳು. ಆ ರಾತ್ರಿಯಷ್ಟೇ ಅಲ್ಲ, ಮುಂದಿನ ದಿನಗಳಲ್ಲೂ ಕೋರ್ಟು ಮುಗಿಸಿ ಸಂಜೆ ಆಸ್ಪತ್ರೆಗೆ ಬಂದು, ನನ್ನನ್ನು ಕ್ಯಾಂಟೀನಿನ ಮೂಲೆಗೆ ಓದಲು ಅಟ್ಟಿ, ಅಪ್ಪನ ಹಾಸಿಗೆಯ ಬದಿಗೆ ತಾನು ಕೂತಳು. ನಾನು ಓದಿದ ಗಂಟೆಗಳು ಅವಳು ಓದದ ಗಂಟೆಗಳು. ಬೆಂಗಳೂರಿಗೆ ಹೋಗುವುದೇ ಇಲ್ಲ ಎಂದು ಹಟ ಹಿಡಿದಾಗ ಟಿಕೆಟ್ ತೆಗೆಸಿದ್ದೂ ಅವಳೇ. ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಎದುರಿಗೆ ಕೂತಿದ್ದ, ನಮ್ಮ ಕಾಲೇಜಿನವರೇ ಆದ ಹಿರಿಯ ವಕೀಲರೊಬ್ಬರು, 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬರುವ ತನಕ ಈ ರೈಲಿನಲ್ಲೇ ತಮ್ಮ ಅರ್ಧ ಆಯುಷ್ಯ ಕಳೆಯಿತೆಂದು ಕಥೆ ಹೇಳುತ್ತ ನಮ್ಮಿಬ್ಬರನ್ನೂ ನಗಿಸಿದರು. ತೀರ್ಪು ಬರೆಯುವ ಪತ್ರಿಕೆ ಮುಗಿಸಿ ಹೊರಬಂದಾಗ ನನಗೆ ನಂಬಿಕೆಯಿರಲಿಲ್ಲ. ಅವಳಿಗೆ ಇತ್ತು, ನನ್ನ ಬಗ್ಗೆ.

ಆಯ್ಕೆ ಪಟ್ಟಿ ಬಂದ ದಿನ ಮೊದಲು ಫೋನ್ ಮಾಡಿದ್ದು ಅವಳು. "ನಿಂದು ಐತಿ ನೋಡಲೇ" ಎಂದಳು. "ನಿನ್ನದು?" ಎಂದು ಕೇಳಿದೆ. "ಅವ್ವಾರಿಗೆ ಫೋನ್ ಕೊಡು, ನಾನ ಹೇಳ್ತೀನಿ" ಎಂದಳು. ಅವ್ವನ ಹತ್ತಿರ ಹತ್ತು ನಿಮಿಷ ನಕ್ಕು ಮಾತಾಡಿದಳು. ಅವಳ ನಂಬರು ಪಟ್ಟಿಯಲ್ಲಿ ಇಲ್ಲವೆಂದು ನಾನು ಕಂಡದ್ದು ಅದಾದ ಮೇಲೆ, ನಾನೇ ಹುಡುಕಿ.

ಇದನ್ನು ಹೇಗೆ ಹೊರಬೇಕೋ ನನಗಿನ್ನೂ ತಿಳಿದಿಲ್ಲ. ಅಭಿನಂದನೆ ಹೇಳಲು ಬಂದವರು ಹಾರ ಹಾಕುವಾಗಲೆಲ್ಲ ಕೊರಳು ಭಾರವಾಗುತ್ತದೆ. "ನೀನು ಅವತ್ತು ಬರದಿದ್ದರೆ" ಎಂದು ಒಮ್ಮೆ ಶುರು ಮಾಡಿದೆ. ಮಾತು ಮುಗಿಸಲು ಬಿಡಲಿಲ್ಲ. "ಹಂಗೇನಾರ ಅಂದ್ರ ನಾ ಮಾಡಿದ್ದಕ್ಕ ಬಿಲ್ ಹಚ್ತೀನಿ" ಎಂದಳು. ಹೀಗಾಗಿ ಅದನ್ನು ಇಲ್ಲೂ ಹೇಳುವುದಿಲ್ಲ. ಅವಳಿಗಿನ್ನೂ ವಯಸ್ಸಿನ ಮಿತಿ ದಾಟಿಲ್ಲ, ಮುಂದಿನ ಅಧಿಸೂಚನೆಗೆ ಅರ್ಜಿ ಹಾಕುತ್ತಾಳೆ. ಅಪರಾಧ ಕಾನೂನಿನ ಸರ್, ನಿಮ್ಮ ಆ ಕಲಮುಗಳ ಪಟ್ಟಿಯ ಮೂಲ ಪ್ರತಿ ನಾನು ಅವಳಿಗೇ ಕೊಟ್ಟಿದ್ದೇನೆ, ನನ್ನನ್ನು ಕೇಳಬೇಡಿ.

ಮೆಸೇಜು ಮಾಡಿ ಕೇಳುತ್ತಿರುವ ಕಾಲೇಜಿನ ತಂಗಿಯರಿಗೆ ಒಂದು ವಿಷಯ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಇನ್ನು ಮುಂದಿನ ನೇಮಕಾತಿಗಳಿಗೆ ಮೂರು ವರ್ಷದ ವಕೀಲಿಕೆ ಬೇಕು. ವಕೀಲರ ಪರಿಷತ್ತಿನ ತಾತ್ಕಾಲಿಕ ನೋಂದಣಿಯ ದಿನದಿಂದಲೇ ಅದು ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ನೋಂದಣಿ ತಡ ಮಾಡಬೇಡಿ. ದುಡಿಮೆಯಿಲ್ಲದೆ ಮೂರು ವರ್ಷ ಕಳೆಯುವುದು ಹಳ್ಳಿಯ ಮನೆಗಳಿಗೆ ಸುಲಭವಲ್ಲ ಎಂಬುದು ನನಗೆ ಗೊತ್ತು. ಜೂನಿಯರ್‌ಗಳಿಗೆ ತಿಂಗಳಿಗೆ ಇಷ್ಟೆಂದು ಕೊಡುವ ಹಿರಿಯರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನಷ್ಟು ಬೇಕು. ಹಿರಿಯರೇ, ಕಾಲೇಜಿಗೆ ಬಂದು ಭಾಷಣ ಮಾಡುವುದಕ್ಕಿಂತ ಇದು ಹೆಚ್ಚಿನ ಕೆಲಸ. ನ್ಯಾಯಾಧೀಶೆಯಾದ ಮೇಲೆ ಇಂಥ ಮಾತು ಆಡಲಾಗುವುದಿಲ್ಲವೆಂದು ಈಗಲೇ ಆಡಿದ್ದೇನೆ.

ಅಪ್ಪ ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ. ಮಾತು ಮೊದಲಿನಷ್ಟು ಸ್ಪಷ್ಟವಿಲ್ಲ. ಆದರೂ ಹೋಗಿಬರುವವರಿಗೆಲ್ಲ "ಸಾಹೇಬ್ರು ಮನಿಯಾಗ ಅದಾರ" ಎನ್ನುವುದು ಎಲ್ಲರಿಗೂ ತಿಳಿಯುತ್ತದೆ. ಅಪ್ಪಾ, ಅವ್ವಾ, ನಿಮಗೆ ಇದನ್ನು ಓದಿ ಹೇಳುವುದು ಅಣ್ಣನ ಪಾಲಿನ ಕೆಲಸ.

ಕೊನೆಗೆ, ನನ್ನ ಫೈಲುಗಳನ್ನೆಲ್ಲ ವಹಿಸಿಕೊಂಡವಳಿಗೆ. ಸೋಮವಾರ ಅಜ್ಜಿಯ ವಾಟ್ನಿ ದಾವಾ, ಆಸ್ತಿ ಪಾಲಿನದು, ಇದೆ. ಅಜ್ಜಿಯ ಮದುವೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ನಮ್ಮ ರಾಜ್ಯದ ತಿದ್ದುಪಡಿಗಿಂತ ಮೊದಲೇ ಆಗಿದೆ, ಹೀಗಾಗಿ ಪಾಲಿಲ್ಲ ಎಂದು ಎದುರಿನವರು ಮತ್ತೆ ಅದನ್ನೇ ಎತ್ತುತ್ತಾರೆ. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಅಡ್ಡಿ ಇಲ್ಲ. ಹೆಣ್ಣುಮಕ್ಕಳ ಪಾಲಿನ ಬಗೆಗಿನ ವಿನೀತಾ ಶರ್ಮಾ ಪ್ರಕರಣದ 2020ರ ತೀರ್ಪಿಗೆ ಪುಟಗುರುತು ಇಟ್ಟಿದ್ದೇನೆ. ಆಸ್ತಿಯ ಮೂಲ ಉತಾರಗಳು ಹಸಿರು ಫೈಲಿನಲ್ಲಿವೆ. ಅಜ್ಜಿ ಎಂಟು ಗಂಟೆಗೇ ಬಂದು ಕೋರ್ಟಿನ ಮೆಟ್ಟಿಲ ಮೇಲೆ ಕೂತಿರುತ್ತಾಳೆ, ನನ್ನನ್ನೇ ಕೇಳುತ್ತಾಳೆ. ಚಹಾ ಕುಡಿಸಿ, ಆಮೇಲೆ ಹೇಳು. ಫೀ ಅಂತ ಸೆರಗಿನ ಗಂಟು ಬಿಚ್ಚಿದರೆ ಬೇಡವೆನ್ನಬೇಡ. ಬೇಡವೆಂದರೆ ನೀನು ಕೇಸು ಸರಿಯಾಗಿ ನಡೆಸುವುದಿಲ್ಲವೆಂದು ತಿಳಿಯುತ್ತಾಳೆ.