ಕೊಯ್ಲಿನ ಕಾಲದ ಕೈಬೇನೆ: ಮಾತ್ರೆ ನುಂಗುವ ಮೊದಲು

ಮಾನ್ಯ ಸಂಪಾದಕರೆ,

ಅಡಿಕೆ ಕೊಯ್ಲು ಶುರುವಾದರೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕೈನೋವು, ಭುಜನೋವಿನ ಮಾತೂ ಶುರುವಾಗುತ್ತದೆ. ‘ನರ ಹಿಡಿದಿದೆ’ ಎಂದು ಒಬ್ಬರು, ‘ವಾತ’ ಎಂದು ಇನ್ನೊಬ್ಬರು. ಹೆಬ್ಬೆರಳ ಬುಡದ ನೋವಾಗಲಿ, ಮೊಣಗಂಟಿನ ಬಾವಾಗಲಿ, ಇವೆರಡೇ ಹೆಸರು. ಮೆಡಿಕಲ್‌ನಿಂದ ತರುವುದೂ ಅದೇ ನೋವಿನ ಮಾತ್ರೆ. ಆದರೆ ಇವು ಬೇರೆ ಬೇರೆ ಬೇನೆಗಳು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಕೆಡುಕು ಮಾಡುತ್ತದೆ. ನೋವು ಎಲ್ಲಿದೆ, ಯಾವ ಚಲನೆಗೆ ಬರುತ್ತದೆ, ಬೆಳಿಗ್ಗೆ ಎಷ್ಟು ಹೊತ್ತು ಬಿಗಿದಿರುತ್ತದೆ ಎಂಬ ಮೂರು ಪ್ರಶ್ನೆ ಕೇಳಿಕೊಂಡರೆ ಅರ್ಧ ರೋಗ ಮನೆಯಲ್ಲೇ ಗೊತ್ತಾಗುತ್ತದೆ.

ನಾವು ‘ನರ’ ಎನ್ನುವುದು ಹೆಚ್ಚಿನ ಸಲ ನರವಲ್ಲ, ಸ್ನಾಯುರಜ್ಜು. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಬಿಳಿ ಹುರಿ ಅದು. ಹಿಮ್ಮಡಿಯ ಮೇಲೆ ಬೆರಳಿಟ್ಟು ಹಿಂಡಿದರೆ ಸಿಗುವ ಗಟ್ಟಿ ಹುರಿಯೇ ದೇಹದ ಅತಿ ದಪ್ಪ ರಜ್ಜು. ನಿಜವಾಗಿ ನರವೇ ಒತ್ತಿಹೋಗಿದ್ದರೆ ಜೋಮು ಹಿಡಿಯುತ್ತದೆ, ಚುಚ್ಚಿದಂತಾಗುತ್ತದೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿ, ಎಚ್ಚರವಾಗಿ ಕೈ ಕೊಡಹುವಂತಾದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿದ್ದು; ಅದರ ಮದ್ದು ಬೇರೆ.

ರಜ್ಜುವಿಗೆ ರಕ್ತ ಸಂಚಾರ ಕಡಿಮೆ. ದಿನದ ದುಡಿತದಲ್ಲಿ ಸವೆದ ಎಳೆಗಳನ್ನು ಅದು ರಿಪೇರಿ ಮಾಡಿಕೊಳ್ಳುವುದು ನಿಧಾನ. ರಿಪೇರಿಗಿಂತ ಸವೆತ ಹೆಚ್ಚಾದರೆ, ಹುರಿ ಬಿಚ್ಚಿದ ತೆಂಗಿನ ನಾರಿನ ಹಗ್ಗದಂತೆ ಒಳಗಿನ ಎಳೆಗಳು ಅಸ್ತವ್ಯಸ್ತವಾಗುತ್ತವೆ. ಕೆಲವು ತಿಂಗಳು ಹಳೆಯದಾದ ರಜ್ಜುನೋವಿನಲ್ಲಿ ಉರಿಯೂತ ಅಷ್ಟಾಗಿ ಇರುವುದಿಲ್ಲ. ಹಾಗಾಗಿ ಉರಿಯೂತದ ಮಾತ್ರೆ ನೋವನ್ನು ಮರೆಸುತ್ತದೆ, ಹುರಿಯನ್ನು ಸರಿಮಾಡುವುದಿಲ್ಲ. ತಿಂಗಳುಗಟ್ಟಲೆ ಕೈ ಕಟ್ಟಿ ಕೂತರೂ ಆಗುವುದಿಲ್ಲ. ಕೆಲಸವಿಲ್ಲದ ರಜ್ಜು ಮತ್ತಷ್ಟು ಬಲಗುಂದುತ್ತದೆ. ಅದಕ್ಕೆ ಬೇಕಾದದ್ದು ಅಳೆದು ಕೊಟ್ಟ ಭಾರ, ಅದೂ ಸುಮಾರು 12 ವಾರ.

ಅಡಿಕೆ ಸುಲಿಯುವವರ ಮೊಣಕೈಯನ್ನೇ ನೋಡಿ. ಚಾಲಿಯ, ಅಂದರೆ ಬಿಸಿಲಲ್ಲಿ ಒಣಗಿಸಿದ ಅಡಿಕೆಯ ಸಿಪ್ಪೆ ಗಟ್ಟಿ. ಬೆರಳು ಬಿಗಿಹಿಡಿದಾಗಲೆಲ್ಲ ಮಣಿಕಟ್ಟು ಮುಂದಕ್ಕೆ ಬಾಗದಂತೆ ಹಿಂದಿನಿಂದ ಎಳೆದು ಹಿಡಿಯುವುದು ಮುಂದೋಳಿನ ಹೊರಬದಿಯ ಸ್ನಾಯುಗಳು. ಅವುಗಳ ರಜ್ಜು ಅಂಟಿಕೊಂಡಿರುವುದು ಮೊಣಕೈಯ ಹೊರಬದಿಯ ಎಲುಬಿನ ಗುಬುಟಿಗೆ. ನೋವು ಅಲ್ಲಿ. ವೈದ್ಯರು ‘ಟೆನಿಸ್ ಎಲ್ಬೋ’ ಎನ್ನುತ್ತಾರೆ. ಟೆನಿಸ್ ಬ್ಯಾಟು ಮುಟ್ಟದವರಿಗೂ ಬರುತ್ತದೆ, ರಬ್ಬರ್ ಟ್ಯಾಪಿಂಗ್ ಮಾಡುವವರಿಗೆ, ಬಟ್ಟೆ ಹಿಂಡುವವರಿಗೆ, ಗಾರೆ ಕೆಲಸದವರಿಗೆ. ಪರೀಕ್ಷೆ ಸುಲಭ: ಕೈ ನೇರ ಚಾಚಿ, ಅಂಗೈ ಕೆಳಗೆ ಮಾಡಿ, ಇನ್ನೊಂದು ಕೈಯಿಂದ ಅದುಮುತ್ತಿರುವಾಗ ಮಣಿಕಟ್ಟನ್ನು ಮೇಲಕ್ಕೆತ್ತಿ. ಆ ಗುಬುಟಿನಲ್ಲೇ ಚುಚ್ಚಿದರೆ ಹೆಚ್ಚಾಗಿ ಇದೇ. ನೀರು ತುಂಬಿದ ತಂಬಿಗೆ ಎತ್ತುವಾಗ ಕೈ ಸೋಲುವುದೂ ಇದರ ಗುರುತು.

ಮೊದಲ ಎರಡು ವಾರ ಭಾರವನ್ನು ಎತ್ತಿ ಇಳಿಸಬಾರದು, ಅಲುಗದಂತೆ ಹಿಡಿದು ನಿಲ್ಲಿಸಬೇಕು. ಮೇಜಿನ ಮೇಲೆ ಮುಂದೋಳು ಇಟ್ಟು, ಮಣಿಕಟ್ಟು ಅಂಚಿನಿಂದ ಹೊರಗೆ ಬರಲಿ, ಅಂಗೈ ಕೆಳಗೆ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಮಣಿಕಟ್ಟು ನೇರವಾಗಿಟ್ಟು 30ರಿಂದ 45 ಸೆಕೆಂಡು ನಿಲ್ಲಿಸಿ. ಹೀಗೆ ಐದು ಸಲ, ನಡುವೆ ಒಂದು ನಿಮಿಷ ಬಿಡುವು. ಅದು ಸಲೀಸಾದ ಮೇಲೆ ಎರಡನೆಯ ಹಂತ: ಬಾಟಲಿ ಹಿಡಿದ ಕೈಯನ್ನು ಇನ್ನೊಂದು ಕೈಯ ಸಹಾಯದಿಂದ ಮೇಲಕ್ಕೆತ್ತಿ, ಸಹಾಯ ಬಿಟ್ಟು, ನಾಲ್ಕು ಎಣಿಸುತ್ತ ನಿಧಾನ ಇಳಿಸಿ. 15 ಸಲ ಇಳಿಸಿದರೆ ಒಂದು ಸುತ್ತು. ದಿನಕ್ಕೆ ಮೂರು ಸುತ್ತು. ವಾರಕ್ಕೊಮ್ಮೆ ಕಾಲು ಲೀಟರಿನಷ್ಟು ನೀರು ಹೆಚ್ಚಿಸಿ. ಮಾಡುವಾಗ ಹತ್ತರಲ್ಲಿ ಮೂರರಷ್ಟು ನೋವಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಮೊದಲಿಗಿಂತ ಜಾಸ್ತಿ ನೋಯುತ್ತಿದ್ದರೆ ಮಾತ್ರ ಭಾರ ಜಾಸ್ತಿಯಾಯಿತೆಂದು ಅರ್ಥ. ಒಂದು ಹಂತ ಹಿಂದಕ್ಕೆ ಹೋಗಿ. ಇಲ್ಲಿ ಎಡವುವುದು ಎರಡು ಕಡೆ. ಮೂರನೆಯ ವಾರ ನೋವು ಇಳಿಯಿತೆಂದು ಬಿಟ್ಟುಬಿಡುತ್ತಾರೆ, ಇಲ್ಲವೆ ಬೇಗ ಗುಣವಾಗಲೆಂದು ಒಮ್ಮೆಲೇ ಎರಡು ಲೀಟರ್ ಹಿಡಿಯುತ್ತಾರೆ.

ಮೊಣಕೈ ಪಟ್ಟಿಯನ್ನು ಬಹುತೇಕರು ನೋಯುವ ಎಲುಬಿನ ಮೇಲೇ ಬಿಗಿಯುತ್ತಾರೆ. ಅದು ಇರಬೇಕಾದ್ದು ಗುಬುಟಿನಿಂದ ಎರಡು ಬೆರಳಗಲ ಕೆಳಗೆ, ಮಾಂಸಲ ಭಾಗದ ಮೇಲೆ. ಕತ್ತಿಗೆ ಹರಿತ ಇರಲಿ. ಹಿಡಿಕೆ ಸಪೂರವಾಗಿದ್ದರೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ, ಹಿಡಿತಕ್ಕೆ ಬೇಕಾಗುವ ಬಲ ಕಡಿಮೆಯಾಗುತ್ತದೆ. ಚೀಲ, ಬಕೆಟು ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ.

ಇದಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್ ಕೇಳಿ ಹೋಗುವವರಿಗೆ ಒಂದು ಮಾತು. ಇಂಜೆಕ್ಷನ್ ಮೊದಲ ಕೆಲವು ವಾರ ನೋವನ್ನು ಚೆನ್ನಾಗಿ ಇಳಿಸುತ್ತದೆ. ವರ್ಷದ ಕೊನೆಗೆ ನೋಡಿದರೆ, ಇಂಜೆಕ್ಷನ್ ತೆಗೆದುಕೊಳ್ಳದವರೇ ಹೆಚ್ಚು ಗುಣವಾಗಿರುತ್ತಾರೆ, ನೋವು ಮರುಕಳಿಸುವುದೂ ಅವರಲ್ಲಿ ಕಡಿಮೆ. ಮೊಣಕೈಯ ಮಟ್ಟಿಗೆ ಇದು ಪರೀಕ್ಷಿಸಿ ಕಂಡುಕೊಂಡ ವಿಷಯ.

ಬೀಡಿ ಕಟ್ಟುವವರ ಹೆಬ್ಬೆರಳಿನ ಕತೆ ಬೇರೆ. ಅಲ್ಲಿ ಇಂಜೆಕ್ಷನ್ ನಿಜವಾಗಿ ಉಪಕಾರಿ. ಎಲೆ ಕತ್ತರಿಸುವುದು, ಸುರುಳುವುದು, ತುದಿ ಮಡಚಿ ಒತ್ತುವುದು, ನೂಲು ಸುತ್ತುವುದು ಎಲ್ಲ ಹೆಬ್ಬೆರಳಿನ ಕೆಲಸ, ದಿನಕ್ಕೆ ನೂರಾರು ಸಲ. ಹೆಬ್ಬೆರಳನ್ನು ಅಗಲಿಸುವ ಎರಡು ರಜ್ಜುಗಳು ಮಣಿಕಟ್ಟಿನ ಬದಿಯಲ್ಲಿ ಒಂದೇ ಸಪೂರ ಕೊಳವೆಯೊಳಗಿಂದ ಹಾದುಹೋಗುತ್ತವೆ. ಕೊಳವೆಯ ಗೋಡೆ ದಪ್ಪವಾದರೆ ರಜ್ಜು ಉಜ್ಜಿ ನೋಯುತ್ತದೆ. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯನ ಹೆಸರಿನಲ್ಲಿ ‘ಡಿ ಕರ್ವೇನ್’ ಎನ್ನುತ್ತಾರೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಮೆಲ್ಲನೆ ಬಾಗಿಸಿದರೆ ಮಣಿಕಟ್ಟಿನ ಬದಿಯಲ್ಲಿ ಜೀವ ಹೋದಂತಾಗುತ್ತದೆ. ಬಾಣಂತಿಯರಿಗೂ ಇದು ಸಾಮಾನ್ಯ; ಮಗುವನ್ನು ಕಂಕುಳಿಗೆ ಕೈ ಹಾಕಿ, ಹೆಬ್ಬೆರಳು ಅಗಲಿಸಿ ಎತ್ತುವುದರಿಂದ. ಅಂಗೈ ಮೇಲ್ಮುಖ ಮಾಡಿ, ಮಗುವಿನ ಬೆನ್ನು, ಕುಂಡೆಯ ಅಡಿಗೆ ಕೈ ಕೊಟ್ಟು ಎತ್ತುವುದನ್ನು ಹೇಳಿಕೊಡಬೇಕು.

ಇದಕ್ಕೆ ಮಣಿಕಟ್ಟಿನ ಸಾಮಾನ್ಯ ಪಟ್ಟಿ ಸಾಲದು. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಸ್ಪ್ಲಿಂಟ್ 4ರಿಂದ 6 ವಾರ ಹಾಕಬೇಕು. ಬೆರಳ ತುದಿಯ ಗಂಟು ಬಿಡುವಾಗಿರಲಿ. ಆಗಲೂ ಬಗ್ಗದಿದ್ದರೆ ಕೊಳವೆಯೊಳಗೆ ಸ್ಟಿರಾಯ್ಡ್ ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಕೊಳವೆ ಬಿಡಿಸುವ ಸಣ್ಣ ಆಪರೇಷನ್. ಸಕ್ಕರೆ ಕಾಯಿಲೆಯವರು ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ನೋಡಿಕೊಳ್ಳಬೇಕು, ಏರುತ್ತದೆ. ಬೆರಳು ಮಡಚಿದರೆ ಸಿಕ್ಕಿಕೊಂಡು ‘ಟಕ್’ ಎಂದು ಬಿಡಿಸಿಕೊಳ್ಳುವ ಬೇನೆಯೂ ಇದೇ ಜಾತಿಯದು. ಈ ಎರಡನ್ನೂ ಮುರಿವೆಣ್ಣೆ ಎಂಬ ಆಯುರ್ವೇದದ ನೋವಿನೆಣ್ಣೆ ಹಾಕಿ ಬಲವಾಗಿ ತಿಕ್ಕಿಸಿಕೊಳ್ಳುವವರಿದ್ದಾರೆ. ಎಣ್ಣೆಯ ಬಿಸಿ ಹಿತವಾಗಬಹುದು, ಆದರೆ ಮೊದಲೇ ಉಜ್ಜಿ ಊದಿದ ಜಾಗವನ್ನು ಮತ್ತೆ ಉಜ್ಜಿದರೆ ಊದುವುದು ಹೆಚ್ಚುತ್ತದೆ.

ದೋಟಿ ಎಂಬ ಉದ್ದ ಕೋಲು ಹಿಡಿದು ಅಡಿಕೆಗೊನೆ ಕೊಯ್ಯುವ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸ ಭುಜಕ್ಕೆ ಭಾರ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವ ಅಪಾಯ ತಪ್ಪಿತು, ಅದು ದೊಡ್ಡ ಉಪಕಾರ. ಆದರೆ ತಲೆಯ ಮೇಲೆ ಕೈಯೆತ್ತಿ ಗಂಟೆಗಟ್ಟಲೆ ದುಡಿಯುವುದು ಭುಜದ ರಜ್ಜುವಿಗೆ ಹೊಸ ಹೊರೆ. ಕೈಯನ್ನು ಬದಿಯಿಂದ ಎತ್ತುವಾಗ ನಡುಹಂತದಲ್ಲಿ ನೋವು, ಆ ಮಗ್ಗುಲಿಗೆ ಮಲಗಲಾಗದು, ಆದರೆ ಇನ್ನೊಬ್ಬರು ಎತ್ತಿದರೆ ಪೂರ್ತಿ ಮೇಲೆ ಹೋಗುತ್ತದೆ: ಇದು ರಜ್ಜು. ಇನ್ನೊಬ್ಬರು ಎತ್ತಿದರೂ ಹೋಗದಿದ್ದರೆ, ಮೊಣಕೈಯನ್ನು ಪಕ್ಕೆಗೆ ಒತ್ತಿ ಮುಂಗೈಯನ್ನು ಹೊರಕ್ಕೆ ತಿರುಗಿಸಲೂ ಆಗದಿದ್ದರೆ, ಕೀಲೇ ಬಿಗಿದಿದೆ. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಒಂದರಿಂದ ಮೂರು ವರ್ಷ ಕಾಡಬಹುದು. ನೋವಿನ ಹಂತದಲ್ಲಿ ಕೈಯನ್ನು ಬಲವಂತವಾಗಿ ಎಳೆಸಿಕೊಂಡರೆ ಇನ್ನಷ್ಟು ಬಿಗಿಯುತ್ತದೆ. ಬಿದ್ದ ಮೇಲೆ ಒಮ್ಮೆಲೇ ಕೈ ಎತ್ತಲಾಗದಿದ್ದರೆ ರಜ್ಜು ಹರಿದಿರಬಹುದು. ‘ಉಳುಕು’ ಎಂದು ತಿಂಗಳುಗಟ್ಟಲೆ ಕಾಯಬಾರದು.

ಇನ್ನು ಕೀಲಿನ ಬೇನೆ. ಗುಡ್ಡೆಯಿಂದ ತೋಟಕ್ಕೆ ಇಳಿಯುವಾಗ ಮೊಣಗಂಟು ನೋಯುವುದು, ಬೆಳಿಗ್ಗೆ ಅರ್ಧ ಗಂಟೆಯೊಳಗೆ ಬಿಗಿ ಸಡಿಲಾಗುವುದು ಸವೆತದ ಲಕ್ಷಣ. ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡಿ ಹತ್ತು ಸೆಕೆಂಡು ಹಿಡಿಯುವುದು, ಹತ್ತು ಸಲ, ದಿನಕ್ಕೆ ಎರಡು ಹೊತ್ತು. ತೊಡೆಯ ಸ್ನಾಯು ಗಟ್ಟಿಯಾದಷ್ಟು ಮೊಣಗಂಟಿಗೆ ಆರಾಮ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಗಂಟಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಬೆಳಿಗ್ಗೆ ಗಂಟೆಗಿಂತ ಹೆಚ್ಚು ಹೊತ್ತು ಬಿಗಿ, ಎರಡೂ ಕೈಗಳ ಬೆರಳ ಬುಡದ ಗಂಟುಗಳಲ್ಲಿ ಬಾವು, ಆರು ವಾರ ಕಳೆದರೂ ಇಳಿಯಲಿಲ್ಲ ಎಂದಾದರೆ ಅದು ಸಂಧಿವಾತ ಇರಬಹುದು. ಮೊದಲ ಮೂರು ತಿಂಗಳೊಳಗೆ ಮದ್ದು ಶುರುವಾದರೆ ಕೀಲು ಉಳಿಸಿಕೊಳ್ಳಲು ಒಳ್ಳೆಯ ಅವಕಾಶ. ಚಿಕೂನ್‌ಗುನ್ಯ ಬಂದುಹೋದ ಮೇಲೂ ಹೀಗೆಯೇ ತಿಂಗಳುಗಟ್ಟಲೆ ನೋಯಬಹುದು, ಆದ್ದರಿಂದ ಜ್ವರ ಬಂದಿದ್ದರೆ ವೈದ್ಯರಿಗೆ ತಿಳಿಸಿ. ನಡುರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ, ಹೊದಿಕೆ ತಗಲಿದರೂ ಸಹಿಸಲಾಗದಿದ್ದರೆ ಯೂರಿಕ್ ಆಮ್ಲದ ಬೇನೆ. ನೋವೇ ಇಲ್ಲದವರು ರಕ್ತದ ರಿಪೋರ್ಟಿನಲ್ಲಿ ಅಂಕಿ ಹೆಚ್ಚಿದೆಯೆಂದು ಮದ್ದು ನುಂಗಬೇಕಾಗಿಲ್ಲ, ಬೂತಾಯಿ ಮೀನು ಬಿಟ್ಟು ಬೇಸರಿಸಬೇಕಾಗಿಯೂ ಇಲ್ಲ. ಆದರೆ ಒಂದು ಗಂಟು ಬಿಸಿಯಾಗಿ ಊದಿ, ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಕೀಲಿನೊಳಗೆ ಕೀವಾದರೆ ಎಲುಬಿನ ತುದಿಯ ನುಣುಪು ಹೊದಿಕೆಯಾದ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ.

ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ‘ವಾತದ ಪುಡಿ’ ಎರಡೇ ದಿನದಲ್ಲಿ ಮ್ಯಾಜಿಕ್‌ನಂತೆ ನೋವು ಇಳಿಸಿದರೆ ಅದರಲ್ಲಿ ಸ್ಟಿರಾಯ್ಡ್ ಇರಬಹುದೆಂದು ಸಂಶಯಪಡಿ. ಮುಖ ಊದುವುದು, ಸಕ್ಕರೆ ಏರುವುದು, ಸೊಂಟದ ಕೀಲು ಒಣಗಿಹೋಗುವುದು ಇದರಿಂದಲೇ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರಿಗೆ ಹೇಳಿ ಇಳಿಸುತ್ತ ಬರಬೇಕು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ವಾರಗಟ್ಟಲೆ ನುಂಗಿದರೆ ಕಿಡ್ನಿಗೆ ಪೆಟ್ಟು. ಸಿಪ್ರೋಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ತೆಗೆದುಕೊಳ್ಳುತ್ತಿರುವಾಗ ಹಿಮ್ಮಡಿಯ ರಜ್ಜು ನೋಯತೊಡಗಿದರೆ ಕೂಡಲೇ ವೈದ್ಯರಿಗೆ ತಿಳಿಸಿ. ಆ ಮದ್ದುಗಳಿಂದ ರಜ್ಜು ಹರಿಯುವುದುಂಟು, 60 ದಾಟಿದವರಲ್ಲಿ ಹೆಚ್ಚು.

ಇಷ್ಟು ಬರೆಯಲು ಕಾರಣ, ಇದನ್ನೆಲ್ಲ ಕನ್ನಡದಲ್ಲಿ ಹೇಳುವ ಕಾಗದ ನಮ್ಮ ಜಿಲ್ಲೆಯಲ್ಲಿ ಕೈಗೆ ಸಿಗುವುದು ಕಷ್ಟ. ವ್ಯಾಯಾಮದ ಹಾಳೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಅದರ ಚಿತ್ರ ನೋಡಿ ಕೈ ಎತ್ತುತ್ತಾರೆ. ಎಷ್ಟು ಸಲ, ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು ಎಂಬುದು ಚಿತ್ರದಲ್ಲಿ ಇರುವುದಿಲ್ಲ. ಮದ್ದಿನ ಚೀಟಿ ಓದಲಾಗದಿದ್ದರೆ ಅಪಾಯ ಇನ್ನೂ ದೊಡ್ಡದು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ನುಂಗುವಂಥದ್ದು. ತಪ್ಪಿ ದಿನಾಲೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೇ ಸಂಚಕಾರ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಆಸ್ಪತ್ರೆಗಳು ವ್ಯಾಯಾಮದ ಹಾಳೆಯನ್ನು ಕನ್ನಡದಲ್ಲೂ ಅಚ್ಚು ಹಾಕಿಸಲಿ. ಅದಕ್ಕೂ ಮೊದಲು, ಮದ್ದು ಕೊಡುವ ಕೌಂಟರಿನವರು ಆ ಒಂದು ಮಾತ್ರೆಯ ಪೊಟ್ಟಣದ ಮೇಲೆ ‘ವಾರಕ್ಕೊಮ್ಮೆ, ಸೋಮವಾರ ಮಾತ್ರ’ ಎಂದು ದಿನದ ಹೆಸರು ಸಹಿತ ಕನ್ನಡದಲ್ಲಿ ಬರೆದುಕೊಡಲಿ. ಅದಕ್ಕೆ ಸರಕಾರದ ಆದೇಶ ಬೇಕಿಲ್ಲ, ಒಂದು ಪೆನ್ನು ಸಾಕು.

– ಫಿಸಿಯೋಥೆರಪಿಸ್ಟ್ ಒಬ್ಬರು, ಬದಿಯಡ್ಕ